ಪ್ರಶ್ನೋತ್ತರ: ಜಾವಾ ಓಡುತ್ತದೆ, ಪ್ಯಾಕೇಜ್ ಮಾತ್ರ ಲೋಡ್ ಆಗುವುದಿಲ್ಲ

ಪ್ರಶ್ನೆ: ನನ್ನ ವಿಂಡೋಸ್ ಕಂಪ್ಯೂಟರಿನಲ್ಲಿ, ಅಂಕಿಅಂಶಗಳ ಕೆಲಸಕ್ಕೆ ಬಳಸುವ ಪ್ರೋಗ್ರಾಮಿಂಗ್ ಭಾಷೆಯಾದ ಆರ್‌ನ 64 ಬಿಟ್ ಆವೃತ್ತಿ ಇದೆ. ಆರ್‌ನಿಂದ ಜಾವಾವನ್ನು ಬಳಸಲು ನೆರವಾಗುವ ಆರ್‌ಜಾವಾ ಪ್ಯಾಕೇಜ್ ತೊಂದರೆಯಿಲ್ಲದೆ ಇನ್‌ಸ್ಟಾಲ್ ಆಯಿತು. ಲೋಡ್ ಮಾಡಲು ಹೋದರೆ ‘%1 ಸರಿಯಾದ ವಿನ್32 ಅಪ್ಲಿಕೇಶನ್ ಅಲ್ಲ’ ಎಂಬರ್ಥದ ದೋಷ ಬರುತ್ತದೆ. ಬೇರೆ ಪ್ರೋಗ್ರಾಮುಗಳಲ್ಲಿ ಜಾವಾ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ನಾನು 32 ಬಿಟ್‌ನ ಆರ್ ಹಾಕಿಕೊಳ್ಳಬೇಕೇ?

ಉತ್ತರ: ಬೇಡ. ಆ ಸಂದೇಶದಲ್ಲಿರುವ ವಿನ್32 ಎಂಬುದು ವಿಂಡೋಸ್‌ನ ಪ್ರೋಗ್ರಾಮಿಂಗ್ ವ್ಯವಸ್ಥೆಯ ಹಳೆಯ ಹೆಸರೇ ಹೊರತು 32 ಬಿಟ್ ಬೇಕೆಂಬ ಸೂಚನೆಯಲ್ಲ. %1 ಇರುವ ಜಾಗದಲ್ಲಿ ಕಡತದ ಹೆಸರು ಬರಬೇಕಿತ್ತು. ಅದು ಬಂದಿದ್ದರೆ ನಿಮ್ಮ ಅರ್ಧ ತೊಂದರೆ ಅಲ್ಲಿಯೇ ತೀರುತ್ತಿತ್ತು.

ನಿಮ್ಮಲ್ಲಿರುವ ಜಾವಾ ಬಹುಮಟ್ಟಿಗೆ 32 ಬಿಟ್‌ನದು. ಅದು ಬೇರೆಡೆ ಓಡುತ್ತಿರುವುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ 64 ಬಿಟ್‌ನ ವಿಂಡೋಸ್ 32 ಬಿಟ್‌ನ ಪ್ರೋಗ್ರಾಮನ್ನು ಪ್ರತ್ಯೇಕ ಪ್ರೊಸೆಸ್ಸಾಗಿ, ಅಂದರೆ ತನ್ನದೇ ಮೆಮೊರಿಯೊಂದಿಗೆ ಬೇರೆಯಾಗಿ ನಡೆಯುವ ಕೆಲಸವಾಗಿ, ಓಡಿಸಬಲ್ಲದು. ಆದರೆ ಆರ್‌ಜಾವಾ ಜಾವಾವನ್ನು ಪ್ರತ್ಯೇಕವಾಗಿ ಓಡಿಸುವುದಿಲ್ಲ. ಜಾವಾದ ಡಿಎಲ್‌ಎಲ್ ಕಡತವನ್ನು (ಬೇರೆ ಪ್ರೋಗ್ರಾಮುಗಳು ತಮ್ಮೊಳಗೆ ತಂದುಕೊಂಡು ಬಳಸುವ ಕೋಡ್‌ನ ಕಡತ) ಆರ್ ಓಡುತ್ತಿರುವ ಪ್ರೊಸೆಸ್ಸಿನೊಳಗೇ ತಂದು ಕೂರಿಸುತ್ತದೆ. ಒಂದೇ ಪ್ರೊಸೆಸ್ಸಿನಲ್ಲಿ ಒಂದು ಭಾಗ ಮೆಮೊರಿಯ ವಿಳಾಸವನ್ನು 8 ಬೈಟ್‌ಗಳಲ್ಲಿಯೂ ಇನ್ನೊಂದು 4 ಬೈಟ್‌ಗಳಲ್ಲಿಯೂ ಬರೆದುಕೊಂಡರೆ ವ್ಯವಹಾರ ಸಾಗದು. ಆದ್ದರಿಂದ ವಿಂಡೋಸ್ ಅಂಥ ಡಿಎಲ್‌ಎಲ್ ಅನ್ನು ಬಾಗಿಲಲ್ಲೇ ತಡೆಯುತ್ತದೆ. ಪ್ಯಾಕೇಜನ್ನು ಎಷ್ಟು ಸಲ ಮರುಇನ್‌ಸ್ಟಾಲ್ ಮಾಡಿದರೂ ಫಲವಿಲ್ಲದಿರುವುದು ಇದರಿಂದಲೇ.

ಖಚಿತಪಡಿಸಿಕೊಳ್ಳುವುದು ಸುಲಭ. ಆರ್ ತೆರೆದಾಗ ಮೊದಲಿಗೆ ಬರುವ ಸಾಲುಗಳಲ್ಲಿ ಪ್ಲಾಟ್‌ಫಾರ್ಮ್ ಯಾವುದೆಂದು ಬರೆದಿರುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಜಾವಾದ ಆವೃತ್ತಿಯನ್ನು ಕೇಳಿದರೆ, 64 ಬಿಟ್‌ನ ಜಾವಾ ಹಾಗೆಂದು ಕೊನೆಯ ಸಾಲಿನಲ್ಲಿ ಹೇಳಿಕೊಳ್ಳುತ್ತದೆ. 32 ಬಿಟ್‌ನದು ಬಿಟ್‌ಗಳ ಮಾತನ್ನೇ ಎತ್ತುವುದಿಲ್ಲ. ಆ ಮೌನವೇ ನಿಮಗೆ ಉತ್ತರ.

ಪರಿಹಾರ, 64 ಬಿಟ್‌ನ ಜಾವಾ ಹಾಕಿಕೊಳ್ಳುವುದು. ಹಲವರು ಎಡವುವುದು ಆಮೇಲೆ. ಜಾವಾ ಯಾವ ಫೋಲ್ಡರಿನಲ್ಲಿದೆ ಎಂದು ಪ್ರೋಗ್ರಾಮುಗಳಿಗೆ ತಿಳಿಸುವ ಜಾವಾ_ಹೋಮ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ವಿಂಡೋಸ್‌ನ ಒಂದು ಸೆಟ್ಟಿಂಗ್) ಇನ್ನೂ ಹಳೆಯ ಫೋಲ್ಡರನ್ನೇ ತೋರಿಸುತ್ತಿದ್ದರೆ ಆರ್‌ಜಾವಾ ಅದನ್ನೇ ನಂಬಿ ಮತ್ತೆ ಅದೇ ದೋಷವನ್ನು ಕೊಡುತ್ತದೆ. ಆ ವೇರಿಯಬಲನ್ನು ಹೊಸ ಫೋಲ್ಡರಿಗೆ ತಿದ್ದಿ, ಆರ್ ಅನ್ನು ಮುಚ್ಚಿ ತೆರೆಯಿರಿ. ಹಳೆಯ ಜಾವಾವನ್ನು ಬೇರೆ ಯಾವ ಪ್ರೋಗ್ರಾಮೂ ಬಳಸದಿದ್ದರೆ ತೆಗೆದುಬಿಡುವುದು ಒಳ್ಳೆಯದು.

32 ಬಿಟ್‌ನ ಆರ್ ಬಳಸಿರೆಂಬ ಹಳೆಯ ಸಲಹೆ ನಿಮಗೂ ಸಿಕ್ಕಿರಬಹುದು. 2022ರಲ್ಲಿ ಬಂದ 4.2.0 ಆವೃತ್ತಿಯಿಂದ ವಿಂಡೋಸ್‌ಗೆ 32 ಬಿಟ್‌ನ ಆರ್ ಬರುವುದೇ ನಿಂತಿದೆ. ಇನ್ನು, ಅಂತರ್ಜಾಲದಲ್ಲಿ ಬಿಡಿ ಡಿಎಲ್‌ಎಲ್ ಹುಡುಕಿ ಸಿಸ್ಟಮ್32 ಫೋಲ್ಡರಿಗೆ ಹಾಕುವ ಸಾಹಸ ಖಂಡಿತ ಬೇಡ. 64 ಬಿಟ್‌ನ ವಿಂಡೋಸ್‌ನಲ್ಲಿ ಆ ಫೋಲ್ಡರಿನಲ್ಲಿರುವುದು 64 ಬಿಟ್‌ನ ಕಡತಗಳು, 32 ಬಿಟ್‌ನವು ಸಿಸ್‌ವಾವ್64 ಎಂಬಲ್ಲಿವೆ; ಹೆಸರು ನೋಡಿ ನಿರ್ಧರಿಸಿದವರು ಸಿಕ್ಕಿಬೀಳುವಂತೆಯೇ ಇದೆ ಈ ಏರ್ಪಾಡು.

ಪ್ರಶ್ನೆ: ಇಂಟೆಲ್ ಮ್ಯಾಕ್‌ನಿಂದ ಎಂ1 ಮ್ಯಾಕ್‌ಗೆ ಎಲ್ಲವನ್ನೂ ವರ್ಗಾಯಿಸಿಕೊಂಡೆ. ಈಗ ಪೈಥಾನ್‌ನಲ್ಲಿ ಲೆಕ್ಕಾಚಾರದ ಪ್ಯಾಕೇಜಾದ ನಮ್‌ಪೈ ಲೋಡ್ ಆಗುತ್ತಿಲ್ಲ. ಕಡತದ ಆರ್ಕಿಟೆಕ್ಚರ್ ಹೊಂದುವುದಿಲ್ಲ ಎನ್ನುತ್ತದೆ.

ಉತ್ತರ: ಮ್ಯಾಕ್‌ನ ಸಂದೇಶ ವಿಂಡೋಸ್‌ನದಕ್ಕಿಂತ ಪ್ರಾಮಾಣಿಕ: ಇರುವುದು ಯಾವುದು, ಬೇಕಾದದ್ದು ಯಾವುದು ಎಂದು ಎರಡನ್ನೂ ಅದು ಬರೆಯುತ್ತದೆ. ಇಲ್ಲಿ ಎರಡೂ 64 ಬಿಟ್‌ನವೇ. ಭೇದವಿರುವುದು ಇಂಟೆಲ್ ಮತ್ತು ಆರ್ಮ್ (ಎಂ1 ಈ ಬಗೆಯದು) ಪ್ರೊಸೆಸರುಗಳ ಆದೇಶಗಳಲ್ಲಿ. ಇಂಟೆಲ್ ಪ್ರೋಗ್ರಾಮುಗಳನ್ನು ಹೊಸ ಮ್ಯಾಕ್‌ನಲ್ಲಿ ಓಡಿಸುವ ಆ್ಯಪಲ್‌ನ ರೊಸೆಟ್ಟಾ ಇಡೀ ಪ್ರೊಸೆಸ್ಸನ್ನು ಭಾಷಾಂತರಿಸಬಲ್ಲದು, ಆದರೆ ಆರ್ಮ್ ಪೈಥಾನಿನೊಳಗೆ ಬಂದ ಒಂದು ಇಂಟೆಲ್ ಕಡತವನ್ನು ಮಾತ್ರ ಬೇರ್ಪಡಿಸಿ ಭಾಷಾಂತರಿಸಲಾರದು. ಮೊದಲು ಟರ್ಮಿನಲ್ಲಿನ ಮಾಹಿತಿ ಕಿಟಕಿಯಲ್ಲಿ ‘ರೊಸೆಟ್ಟಾ ಬಳಸಿ ತೆರೆ’ ಎಂಬುದು ಆಯ್ಕೆಯಾಗಿದ್ದರೆ ತೆಗೆಯಿರಿ. ಆಮೇಲೆ ಆರ್ಮ್ ಪೈಥಾನ್‌ನಿಂದ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್ (ಪ್ಯಾಕೇಜುಗಳನ್ನು ಪ್ರತ್ಯೇಕವಾಗಿಡುವ ಫೋಲ್ಡರ್) ಮಾಡಿ, ಪ್ಯಾಕೇಜುಗಳನ್ನು ಅದರೊಳಗೆ ಹೊಸದಾಗಿ ಇಳಿಸಿಕೊಳ್ಳಿ; ಹಳೆಯ ಫೋಲ್ಡರಿನಿಂದ ಪ್ಯಾಕೇಜುಗಳ ಹೆಸರಿನ ಪಟ್ಟಿಯನ್ನು ಮಾತ್ರ ತಂದರೆ ಸಾಕು.