ಉಚಿತ ಅಕ್ಕಿಯಿಂದ ಜನ ಸೋಮಾರಿಗಳಾದರಾ?

ನಮಸ್ಕಾರ. ಅನ್ನಭಾಗ್ಯದ ಅಕ್ಕಿ ಸಿಗುತ್ತಿರುವುದಕ್ಕೇ ತೋಟಕ್ಕೆ ಕೂಲಿಯವರು ಬರುತ್ತಿಲ್ಲವಾ ಎಂದು ಕೇಳಿದ್ದೀರಿ. ಅಲ್ಲ ಸರ್, ಲೆಕ್ಕ ಹಾಕಿ ನೋಡಿ.

2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಬಿಪಿಎಲ್ ಕಾರ್ಡಿನ ಒಬ್ಬರಿಗೆ ತಿಂಗಳಿಗೆ 5 ಕೆಜಿ ಧಾನ್ಯ. ರಾಜ್ಯ ಸರ್ಕಾರ ಇನ್ನೈದು ಸೇರಿಸಿ 10 ಕೆಜಿ ಕೊಟ್ಟರೂ ದಿನಕ್ಕೆ 330 ಗ್ರಾಂ ಆಸುಪಾಸು. ಮೈಮುರಿದು ದುಡಿಯುವವರಿಗೆ ಇದು ಜಾಸ್ತಿಯೇನಲ್ಲ. ಬೇಳೆ, ಎಣ್ಣೆ, ಗ್ಯಾಸು, ಮಗಳ ಫೀಸು, ಅಜ್ಜಿಯ ಮಾತ್ರೆ ಅಕ್ಕಿಯಿಂದ ಬರುವುದಿಲ್ಲ. ಅದಕ್ಕೆ ದುಡಿಯಲೇಬೇಕು.

ಕೂಲಿಗೆ ಜನ ಕಡಿಮೆಯಾಗಿರುವುದು ನಿಜ. ಹುಡುಗರು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ, ಡೆಲಿವರಿಗೆ ಹೋಗಿದ್ದಾರೆ. ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಸೇರಿದ್ದಾರೆ. ಅಲ್ಲಿ ತಿಂಗಳ ಸಂಬಳ, ಪಿಎಫ್ ಇದೆ. ಹೊಟ್ಟೆಗೆ ಒಂದಿಷ್ಟು ಗ್ಯಾರಂಟಿ ಇದ್ದವರು ಕೊಟ್ಟಷ್ಟು ಕೂಲಿಗೆ ಒಪ್ಪದೆ ಚೌಕಾಸಿ ಮಾಡಬಹುದು. ಅದು ಸೋಮಾರಿತನ ಹೇಗಾಗುತ್ತದೆ?

"ಬೈಕಿನಲ್ಲಿ ಬಂದು ಅಕ್ಕಿ ಒಯ್ಯುತ್ತಾರೆ" ಎಂದೂ ಬರೆದಿದ್ದೀರಿ. ಸೆಕೆಂಡ್ ಹ್ಯಾಂಡ್ ಬೈಕು ಇಲ್ಲದಿದ್ದರೆ ಹಳ್ಳಿಯಿಂದ ಕೆಲಸಕ್ಕೆ ಹೋಗುವುದೇ ಕಷ್ಟ, ಅಲ್ವಾ? ಅಕ್ಕಿ ಮಾರಿಕೊಳ್ಳುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಅದನ್ನು ಕೊಂಡು ಸಾಗಿಸುವ ದಲ್ಲಾಳಿಗಳ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಒಮ್ಮೆ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತು ನೋಡಿ. ಅಡಿಕೆ ಸುಲಿದು, ಪಾತ್ರೆ ತಿಕ್ಕಿ ಸವೆದ ಬೆರಳಿನ ಗುರುತನ್ನು ಯಂತ್ರ ಹಿಡಿಯುವುದಿಲ್ಲ. ಸೀರೆಯ ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾರೆ. ಸರ್ವರ್ ಡೌನ್ ಆದರೆ ನಾಳೆ ಮತ್ತೆ ಬರಬೇಕು, ಆ ದಿನದ ಕೂಲಿಯೂ ಹೋಯಿತು.