ಬಚ್ಚಲ ಒಲೆಯ ಹೊಗೆ, ಸೋಲಾರಿನ ಮೇಲಿನ ನೆರಳು: ಒಂದು ಆಪ್ತಸಲಹೆ ಪ್ರಕರಣ

ಎರಡೂ ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. ನೀರು ಕಾಯಿಸುವ ವಿಷಯಕ್ಕೆ ನೆರೆಹೊರೆಯವರು ಮಾತು ಬಿಡುವುದು ಮಲೆನಾಡಿನ ಊರುಗಳಲ್ಲಿ ಅಪರೂಪವೇನಲ್ಲ. ಆದರೆ ಇಂಥ ಜಗಳಗಳು ಪುರಸಭೆಗೋ ಠಾಣೆಗೋ ಹೋಗುತ್ತವೆಯೇ ಹೊರತು ಆಪ್ತಸಲಹೆಗೆ ಬರುವುದು ಕಡಿಮೆ.

ಬಂದವರು ಮೂವತ್ತರ ಆಸುಪಾಸಿನ ಗೃಹಿಣಿ. ನಿದ್ರೆ ಬರುವುದಿಲ್ಲ, ಎದೆ ಬಿಗಿಯುತ್ತದೆ, ಆರು ವರ್ಷದ ಮಗನ ಮೇಲೆ ವಿನಾಕಾರಣ ರೇಗುತ್ತೇನೆ ಎಂಬುದು ಅವರು ಮೊದಲು ಹೇಳಿಕೊಂಡ ತೊಂದರೆ. ವಿಚಾರಿಸಿದಾಗ ತಿಳಿದದ್ದೇನೆಂದರೆ, ಅವರಿಗೆ ರಾತ್ರಿ ನಿದ್ರೆ ಬಾರದಿರುವುದಲ್ಲ, ಬೆಳಗಿನ ಜಾವ ನಾಲ್ಕೂವರೆಗೇ ಎಚ್ಚರವಾಗಿಬಿಡುತ್ತದೆ. ಅವರ ಮನೆಗೆ ದಕ್ಷಿಣಕ್ಕಿರುವ ಪಕ್ಕದ ಮನೆಯ ಬಚ್ಚಲಿನಲ್ಲಿ ಐದೂವರೆಗೆ ಒಲೆ ಹೊತ್ತುತ್ತದೆ. ಆ ಒಂದು ಗಂಟೆ ಅವರು ಕಣ್ಣುಬಿಟ್ಟು ಮಲಗಿ, ಪುಳ್ಳೆ ಮುರಿಯುವ ಸದ್ದಿಗಾಗಿ ಕಿವಿಗೊಟ್ಟು ಕಾಯುತ್ತಾರೆ. ಹೊಗೆ ಬಂದ ಕೂಡಲೇ ಎದ್ದು ಮಗನ ಕೋಣೆಯ ಕಿಟಕಿ ಹಾಕಿ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಾರೆ. ಅಂಥ ಹತ್ತಾರು ವಿಡಿಯೊಗಳನ್ನು ನನಗೂ ತೋರಿಸಿದರು. ಎಲ್ಲದರಲ್ಲೂ ಇದ್ದದ್ದು ಅದೇ ಗೋಡೆ, ಅದೇ ಗಿಡ್ಡ ಹೊಗೆ ಕೊಳವೆ, ಅದೇ ಬೂದುಬಣ್ಣ.

ದಕ್ಷಿಣದ ಮನೆಯಲ್ಲಿ ಇರುವವರು ನಿವೃತ್ತ ವಿಜ್ಞಾನ ಶಿಕ್ಷಕರು ಮತ್ತು ಅವರ ಪತ್ನಿ. ಊರಿನವರಿಗೆಲ್ಲ ಅವರು ಮೇಷ್ಟ್ರು. ಹಳ್ಳಿಯ ತೋಟದಿಂದ ಬರುವ ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಮಟ್ಟೆಗಳಿಂದ ದಿನವೂ ತಾಮ್ರದ ಹಂಡೆಯಲ್ಲಿ ನೀರು ಕಾಯುತ್ತದೆ. ಹಿತ್ತಲಿನಲ್ಲಿ, ಆ ಜಾಗ ಬಡಾವಣೆಯಾಗುವ ಮೊದಲೇ ಇದ್ದ ದೊಡ್ಡದೊಂದು ಹಲಸಿನ ಮರವಿದೆ. ಉತ್ತರಕ್ಕಿರುವ ಈ ಮಹಿಳೆಯ ಮನೆಯವರು ಸಾಲ ಮಾಡಿ ಹಾಕಿಸಿದ ಸೋಲಾರ್ ವಾಟರ್ ಹೀಟರಿನ ಮೇಲೆ ಆ ಮರದ ನೆರಳು ಬೀಳುತ್ತದೆ. ಮೇಷ್ಟ್ರ ಒಲೆಯ ಹೊಗೆ ಇವರಿಗೆ ಸಂಕಟ, ಇವರ ಸೋಲಾರಿನಿಂದ ಮೇಷ್ಟ್ರ ಮರಕ್ಕೆ ಅಪಾಯ. ಒಂದು ದಿನ ಹಾಲಿನ ಬೂತಿನ ಮುಂದೆ ಈ ಮಹಿಳೆಯ ಪತಿ ನಾಲ್ಕು ಜನರೆದುರು, "ಒಲೆ ನಿಲ್ಲಿಸ್ತೀರೋ, ಮರ ಕಡಿಸ್ತೀರೋ, ಎರಡರಲ್ಲಿ ಒಂದು ಹೇಳಿ. ಇಲ್ಲಾಂದ್ರೆ ಕಂಪ್ಲೇಂಟ್ ಕೊಡ್ತೀನಿ" ಎಂದುಬಿಟ್ಟಿದ್ದರು. ಅಂದಿನಿಂದ ಮಾತುಕತೆ ನಿಂತಿತ್ತು.

ಎರಡನೆಯ ಭೇಟಿಯಲ್ಲಿ ನಿಜವಾದ ಭಯ ಹೊರಬಂತು. ಪತಿ ಶೌಚಾಲಯ ತೊಳೆಯುವ ಆಸಿಡ್ಡಿನ ಕ್ಯಾನೊಂದನ್ನು ತಂದು ನೀರಿನ ಡ್ರಮ್ಮಿನ ಹಿಂದೆ ಇಟ್ಟಿದ್ದರು. ಅದು ಹಲಸಿನ ಬುಡಕ್ಕೆಂದು ತಂದದ್ದು. ಇನ್ನೂ ಸುರಿದಿರಲಿಲ್ಲ. ಪ್ರತಿದಿನ ಆ ಕ್ಯಾನಿನ ಮಟ್ಟ ನೋಡುವುದು ಈಕೆಗೆ ಅಭ್ಯಾಸವಾಗಿತ್ತು. ನಾಲ್ಕೂವರೆಗೆ ಎಚ್ಚರವಾಗುವುದಕ್ಕೆ ಹೊಗೆಯಷ್ಟೇ ಕಾರಣವಲ್ಲ, ತನ್ನ ಮನೆಯಲ್ಲೇ ಒಂದು ಅನ್ಯಾಯ ಸಿದ್ಧವಾಗಿ ಕುಳಿತಿದೆ ಎಂಬ ಅರಿವೂ ಕಾರಣ ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಇಲ್ಲಿ ವೃತ್ತಿಗೆ ಸಂಬಂಧಿಸಿದ ಒಂದು ಮಾತು ಹೇಳಬೇಕು. ಇಂಥ ಲಕ್ಷಣಗಳನ್ನು ಕಂಡಾಗ ಉಸಿರಾಟದ ಅಭ್ಯಾಸ, ಸ್ನಾಯು ಸಡಿಲಿಕೆ ಮುಂತಾದವನ್ನು ಹೇಳಿಕೊಡುವುದು ನಮ್ಮಲ್ಲಿ ವಾಡಿಕೆ. ಆದರೆ ಹೊಗೆ ತುಂಬಿದ ಕೋಣೆಯಲ್ಲಿ ಮಲಗಿರುವವರಿಗೆ ದೀರ್ಘವಾಗಿ ಉಸಿರೆಳೆದುಕೊಳ್ಳಿ ಎನ್ನುವ ಸಲಹೆ ಅಪಹಾಸ್ಯವಾಗುತ್ತದೆ. ಹೊಗೆ ಆಕೆಯ ಕಲ್ಪನೆಯಲ್ಲ. ಕಟ್ಟಿಗೆಯ ಹೊಗೆಯಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳೂ ಕಾರ್ಬನ್ ಮಾನಾಕ್ಸೈಡೂ ಇರುತ್ತವೆ. ಚಳಿಗಾಲದ ಬೆಳಗಿನ ಜಾವ ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ತಣ್ಣಗಿರುವುದರಿಂದ ಹೊಗೆ ಮೇಲೇರದೆ ಮನೆಗಳ ನಡುವೆಯೇ ನಿಲ್ಲುತ್ತದೆ. ಮಗನಿಗೆ ಚಳಿಗಾಲದಲ್ಲಿ ಉಬ್ಬಸ ಬರುತ್ತಿತ್ತು ಎಂದು ತಿಳಿದಾಗ, ಮೊದಲು ಮಕ್ಕಳ ವೈದ್ಯರಲ್ಲಿ ತೋರಿಸಿ, ಅವರು ಇನ್ಹೇಲರ್ ಬರೆದುಕೊಟ್ಟರೆ "ಅಭ್ಯಾಸವಾಗಿಬಿಡುತ್ತದೆ" ಎಂಬ ಊರಿನ ಮಾತಿಗೆ ಹೆದರಿ ನಿಲ್ಲಿಸಬೇಡಿ ಎಂದು ತಿಳಿಸಿದೆ.

ಆಕೆಗೆ ನೀಡಿದ ಸಲಹೆಯಲ್ಲಿ ಮೊದಲನೆಯದು ವಿಡಿಯೊ ನಿಲ್ಲಿಸುವುದು. ಸಾಕ್ಷ್ಯ ಸಂಗ್ರಹಿಸುತ್ತಿದ್ದೇನೆ ಎಂದು ಆಕೆ ನಂಬಿದ್ದರೂ, ನಡೆಯುತ್ತಿದ್ದದ್ದು ನಿತ್ಯ ಬೆಳಿಗ್ಗೆ ಸಿಟ್ಟನ್ನು ಹೊಸದಾಗಿ ಹೊತ್ತಿಸಿಕೊಳ್ಳುವ ಕೆಲಸ. ಅದರ ಬದಲು ಗೋಡೆಯ ಕ್ಯಾಲೆಂಡರಿನಲ್ಲಿ ಹೊಗೆ ಶುರುವಾದ ಹೊತ್ತು, ಮುಗಿದ ಹೊತ್ತು, ಮಗನಿಗೆ ಕೆಮ್ಮು ಬಂದಿತೇ ಇಲ್ಲವೇ ಎಂಬ ಮೂರನ್ನು ಮಾತ್ರ, ವಿಶೇಷಣಗಳಿಲ್ಲದೆ ಬರೆಯಲು ಹೇಳಿದೆ. ಆಸಿಡ್ಡಿನ ವಿಷಯದಲ್ಲಿ, ಕ್ಯಾನನ್ನು ಗುಟ್ಟಾಗಿ ಚೆಲ್ಲಬೇಡಿ, ಅದರಿಂದ ಗಂಡ ಹೆಂಡಿರ ನಡುವೆ ಇನ್ನೊಂದು ಗುಟ್ಟು ಹುಟ್ಟುತ್ತದೆ, ಬದಲಿಗೆ ಅದು ಮನೆಯಲ್ಲಿರುವುದರಿಂದ ನನಗೆ ನಿದ್ರೆ ಬರುತ್ತಿಲ್ಲ ಎಂಬ ಒಂದೇ ಮಾತನ್ನು ಪತಿಗೆ ಹೇಳಿ, ಸರಿ ತಪ್ಪಿನ ವಾದಕ್ಕೆ ಇಳಿಯಬೇಡಿ ಎಂದೆ. ಆಕೆ ಹಾಗೆಯೇ ಹೇಳಿದರು, ಮುಂದಿನ ಭೇಟಿಗೆ ಪತಿಯೂ ಬಂದರು.

ಪತಿ ಕೆಟ್ಟವರಲ್ಲ, ಸಾಲದ ಕಂತಿನ ಭಾರಕ್ಕೆ ಕುಗ್ಗಿದವರು. ಇಷ್ಟು ಖರ್ಚು ಮಾಡಿಯೂ ಬಿಸಿನೀರು ಬರುತ್ತಿಲ್ಲ ಎಂಬುದು ಅವರ ಅಳಲು. ಯಾವ ತಿಂಗಳುಗಳಲ್ಲಿ ಬರುತ್ತಿಲ್ಲ ಎಂದು ಕೇಳಿದಾಗ ಅವರು ಯೋಚಿಸಿ ಕೊಟ್ಟ ಉತ್ತರ ಪ್ರಕರಣದ ದಿಕ್ಕನ್ನೇ ಬದಲಿಸಿತು: ಜೂನಿನಿಂದ ಸೆಪ್ಟೆಂಬರವರೆಗೆ ತೀರಾ ಕೆಟ್ಟದು, ಡಿಸೆಂಬರು ಜನವರಿಗಳಲ್ಲಿ ಉಗುರುಬೆಚ್ಚಗೆ. ಮಲೆನಾಡಿನ ಮಳೆಗಾಲದಲ್ಲಿ ಸೋಲಾರ್ ಸರಿಯಾಗಿ ಕಾಯದಿರುವುದಕ್ಕೆ ಮೋಡ ಕಾರಣವೇ ಹೊರತು ಹಲಸಲ್ಲ. ಅಷ್ಟೇ ಅಲ್ಲ, ನಮ್ಮ ಭಾಗದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ತುಸು ಉತ್ತರಕ್ಕೇ ವಾಲಿರುತ್ತಾನೆ, ಆಗ ದಕ್ಷಿಣದಲ್ಲಿರುವ ಮರದ ನೆರಳು ಆ ಹೊತ್ತಿನಲ್ಲಿ ಇವರ ತಾರಸಿಗೆ ಬೀಳುವುದೇ ಇಲ್ಲ. ಮರ ಹೊಣೆಯಾಗುವುದು ಚಳಿಗಾಲದ ಕೊರತೆಗೆ ಮಾತ್ರ. ಅದರಲ್ಲೂ ಬೋರ್‌ವೆಲ್ ನೀರಿನ ಗಡಸಿನಿಂದ ಕೊಳವೆಗಳಲ್ಲಿ ಕಟ್ಟುವ ಸುಣ್ಣದ ಪದರದ ಪಾಲೂ ಇರಬಹುದು. ಹಾಕಿಸಿದಂದಿನಿಂದ ಅದನ್ನು ತೊಳೆಸಿಯೇ ಇಲ್ಲವೆಂದು ಅವರು ಒಪ್ಪಿಕೊಂಡರು.

ಅವರ ಮುಂದೆ ನಾನಿಟ್ಟ ಮಾತು ಇಷ್ಟು. ಮರವನ್ನು ಸಾಯಿಸಿದರೆ ಚಳಿಗಾಲದ ಕೊರತೆಯ ಒಂದು ಪಾಲು ನೀಗಬಹುದು, ಆದರೆ ನಿಧಾನವಾಗಿ ಒಣಗುವ ಅಷ್ಟು ದೊಡ್ಡ ಮರ ಗಾಳಿಮಳೆಗೆ ಬೀಳುವುದು ಎರಡು ಮನೆಗಳಲ್ಲಿ ಯಾವುದರ ಮೇಲೆ ಎಂದು ಯಾರೂ ಹೇಳಲಾರರು. ಇನ್ನೊಬ್ಬರ ಮರವನ್ನು ಹಾಳುಮಾಡುವುದು ಅಪರಾಧ. ಸ್ವಂತ ಮರವನ್ನು ಕಡಿಯುವುದಕ್ಕೂ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ, 1976ರ ಅಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕಾಗುತ್ತದೆ. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದ್ದರೂ, ಯಾವುದಕ್ಕೆ ಇದೆ, ಯಾವುದಕ್ಕೆ ಇಲ್ಲ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಕೇಳಿಯೇ ತಿಳಿಯಬೇಕು. ಕಾನೂನಿನ ಉಳಿದ ಪ್ರಶ್ನೆಗಳನ್ನು ವಕೀಲರಿಗೆ ಬಿಟ್ಟೆ. ಕ್ಯಾನಿನ ಬಗ್ಗೆ ನಾನು ಏನನ್ನೂ ಹೇಳಲಿಲ್ಲ. ಆ ವಾರವೇ ಅದು ಶೌಚಾಲಯದ ಕಪಾಟಿಗೆ ಹೋಯಿತೆಂದು ಆಮೇಲೆ ತಿಳಿಯಿತು. ಪತಿಯ ಒಪ್ಪಿಗೆಯ ಮೇರೆಗೆ ಆಕೆಯೇ ಮುಂದೊಂದು ದಿನ ಮೇಷ್ಟ್ರ ಪತ್ನಿಗೆ ಆ ಸಂಗತಿ ಹೇಳಿದ್ದರಿಂದ ಇಲ್ಲಿ ಬರೆಯಲು ಸಾಧ್ಯವಾಗಿದೆ.

ಮೇಷ್ಟ್ರನ್ನು ಒಪ್ಪಿಸಲು ಸಮಯ ಹಿಡಿಯಿತು. ತಪ್ಪಿತಸ್ಥರಂತೆ ಕರೆಸಿಕೊಳ್ಳುವ ಉದ್ದೇಶವಿಲ್ಲ ಎಂದು ಪತ್ರ ಬರೆದು, ಅವರ ಮನೆಗೂ ಇವರ ಮನೆಗೂ ಸೇರದ ಜಾಗದಲ್ಲಿ ಭೇಟಿ ಏರ್ಪಡಿಸಿದೆ. ಅವರು ಮೊದಲು ಮಾತನಾಡಿದ್ದು ಹೊಗೆಯ ಬಗ್ಗೆಯಲ್ಲ. "ಮೂವತ್ತು ವರ್ಷ ಪಾಠ ಮಾಡಿದವನು ನಾನು. ಹಾಲಿನ ಅಂಗಡಿ ಮುಂದೆ ನಿಲ್ಲಿಸಿ ಕೇಳಿದ್ದಾರೆ. ಮನೆಗೆ ಬಂದು ಒಂದು ಮಾತು ಹೇಳಿದ್ದರೆ ಆಗ್ತಿರಲಿಲ್ಲವಾ?" ಎಂದರು. ಪತ್ನಿಗೆ ಮಂಡಿನೋವು ಇರುವುದರಿಂದ ದಿನವೂ ಬಕೆಟ್ಟುಗಟ್ಟಲೆ ಬಿಸಿನೀರು ಬೇಕು. ನೂರು ಲೀಟರ್ ನೀರಿನ ಬಿಸಿಯನ್ನು 35 ಡಿಗ್ರಿ ಏರಿಸಲು ಸುಮಾರು 4 ಯೂನಿಟ್ ವಿದ್ಯುತ್ ಬೇಕೆಂದು ಅವರೇ ಲೆಕ್ಕ ಹಾಕಿ ಹೇಳಿದರು. ತೋಟದಲ್ಲಿ ಕೊಳೆಯುವ ಸಿಪ್ಪೆ ಪುಕ್ಕಟೆಯಾಗಿ ಸಿಗುವಾಗ ಅದಕ್ಕೆ ಯಾಕೆ ದುಡ್ಡು ಸುರಿಯಬೇಕು ಎಂಬುದು ಅವರ ವಾದ, ಅದರಲ್ಲಿ ಹುರುಳಿಲ್ಲದಿಲ್ಲ. ಮಗ ಬೆಂಗಳೂರಿನಿಂದ ಗ್ಯಾಸ್ ಗೀಸರ್ ಕಳಿಸುತ್ತೇನೆಂದು ಹೇಳುತ್ತಿದ್ದಾನೆ ಎಂದಾಗ ಮಾತ್ರ ನಾನು ನಡುವೆ ಬಾಯಿ ಹಾಕಿದೆ. ಗಾಳಿಯಾಡದ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಕೂರಿಸಿ, ಕಾರ್ಬನ್ ಮಾನಾಕ್ಸೈಡಿಗೆ ಬಲಿಯಾದವರ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಕಿಸುವುದೇ ಆದರೆ ಉಪಕರಣ ಬಚ್ಚಲಿನ ಹೊರಗಿರಲಿ ಎಂದೆ.

ನಂತರ ಆಕೆ ಕ್ಯಾಲೆಂಡರಿನ ಹಾಳೆಗಳನ್ನು ಮೇಜಿನ ಮೇಲಿಟ್ಟರು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿದರು. ಅದರಲ್ಲಿ ಅವರ ಹೆಸರಾಗಲಿ ದೂರಾಗಲಿ ಇರಲಿಲ್ಲ, ಬರೀ ಹೊತ್ತು ಮತ್ತು ಮಗುವಿನ ಕೆಮ್ಮು. ಒಲೆ ಹೊತ್ತಿಸಲು ಏನು ಬಳಸುತ್ತೀರಿ ಎಂದು ಕೇಳಿದೆ. ಹಾಲಿನ ಖಾಲಿ ಪ್ಯಾಕೆಟ್ಟು ಎಂದರು, ಹೇಳುತ್ತಿರುವಾಗಲೇ ಅವರಿಗೆ ತಿಳಿಯಿತು. ಬೆಳಗಿನ ಮೊದಲ ಹತ್ತು ನಿಮಿಷದ ಘಾಟು ಅದರದ್ದೇ. ಪ್ಲಾಸ್ಟಿಕ್ಕಿನ ಹೊಗೆಯನ್ನು ಮಗುವಿಗಾಗಲಿ ಮಂಡಿನೋವಿನ ಪತ್ನಿಗಾಗಲಿ ಕುಡಿಸಬಾರದು ಎಂದು ಯಾರೂ ವಾದಿಸಬೇಕಾಗಲಿಲ್ಲ, ಆ ಅಭ್ಯಾಸ ಅಂದೇ ನಿಂತಿತು.

ಒಲೆಯ ಬಗ್ಗೆ ಸಲಹೆ ಹೆಚ್ಚು ವಿವರವಾಗಿತ್ತು. ಸಿಪ್ಪೆ, ಮಟ್ಟೆಗಳನ್ನು ಮಳೆ ತಾಗದ ಕಡೆ ಒಂದು ಬೇಸಿಗೆಯಾದರೂ ಒಣಗಿಸಿಡಬೇಕು, ಹಸಿ ಸೌದೆ ಉರಿಯುವುದಕ್ಕಿಂತ ಹೆಚ್ಚಾಗಿ ಹೊಗೆಯಾಡುತ್ತದೆ. ಹಂಡೆಯ ತಳಕ್ಕೆ ತೆರೆದ ಬೆಂಕಿ ಹಾಕುವ ಪದ್ಧತಿಯಲ್ಲಿ ಬಿಸಿಯ ಬಹುಪಾಲು ಗೋಡೆಗೂ ಗಾಳಿಗೂ ಹೋಗುತ್ತದೆ. ನಡುವೆ ಹೊಗೆ ಹಾಯುವ ಕೊಳವೆ, ಸುತ್ತ ನೀರು ಇರುವ, ನಮ್ಮ ಕಡೆ ಗುಜರಾತ್ ಬಾಯ್ಲರ್ ಎಂದು ಕರೆಯುವ ಉಪಕರಣ ಅದೇ ನೀರನ್ನು ಕಡಿಮೆ ಸೌದೆಯಲ್ಲಿ, ಕಡಿಮೆ ಹೊತ್ತಿನಲ್ಲಿ ಕಾಯಿಸುತ್ತದೆ. ಅದನ್ನು ಕೊಳ್ಳುವವರೆಗೆ ಹೊಗೆ ಕೊಳವೆಯನ್ನು ಎರಡೂ ಮನೆಗಳ ಸೂರಿಗಿಂತ ಮೇಲಕ್ಕೆ, ಹಲಸಿನ ಕೊಂಬೆಗಳಿಂದ ಆಚೆಗೆ ಒಯ್ಯಬೇಕು. ಈ ಕೊನೆಯ ಮಾತು ಮರಕ್ಕೂ ಸಂಬಂಧಿಸಿದ್ದು. ನಾನು ನೋಡಲು ಹೋದಾಗ ಕೊಳವೆಯ ಮೇಲಿನ ಕೊಂಬೆಯ ಎಲೆಗಳ ಅಂಚು ಬೆಂದು ಕಂದಾಗಿತ್ತು, ದಿನವೂ ಸುರಿದ ಬಿಸಿ ಬೂದಿಯಿಂದ ಬುಡದ ಒಂದು ಕಡೆಯ ತೊಗಟೆ ಸೀಳಿ ಒಳಗಿನ ಹಳದಿ ಮರ ಕಾಣುತ್ತಿತ್ತು. ಮರವನ್ನು ಕಾಪಾಡುತ್ತಿದ್ದೇನೆ ಎಂದು ನಂಬಿದ್ದ ಮೇಷ್ಟ್ರು ಆ ಗಾಯವನ್ನು ಬೆರಳಿನಿಂದ ಮುಟ್ಟಿ ನೋಡಿ ಏನೂ ಹೇಳಲಿಲ್ಲ.

ನೆರಳಿನ ಪ್ರಶ್ನೆಯನ್ನು ಬಗೆಹರಿಸಿದವರು ಮೇಷ್ಟ್ರೇ. ಡಿಸೆಂಬರಿನಲ್ಲಿ ನಮ್ಮಲ್ಲಿ ನಡುಹಗಲಿನ ಸೂರ್ಯ ಸುಮಾರು 52 ಡಿಗ್ರಿಯಷ್ಟೇ ಮೇಲೇರುತ್ತಾನೆ, ಆಗ ಸೋಲಾರಿಗಿಂತ 8 ಮೀಟರ್ ಎತ್ತರವಿರುವ ಕೊಂಬೆಯ ನೆರಳು ಉತ್ತರಕ್ಕೆ ಸುಮಾರು 6 ಮೀಟರ್ ಚಾಚುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿ, ಬಾಯಿಮಾತು ಸಾಲದು ಎಂದು ತಾವೇ ನೆರೆಮನೆಯ ತಾರಸಿ ಹತ್ತಿದರು. ಗಂಟೆಗೊಮ್ಮೆ ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆದರು. ಆರು ವರ್ಷದ ಹುಡುಗ ಸೀಮೆಸುಣ್ಣ ಹಿಡಿದು ಹಿಂದೆ ಓಡಾಡಿದ. ಹತ್ತರಿಂದ ಮೂರರ ನಡುವೆ, ಅಂದರೆ ನೀರು ನಿಜವಾಗಿ ಕಾಯುವ ಹೊತ್ತಿನಲ್ಲಿ, ಸೋಲಾರನ್ನು ಮುಚ್ಚುತ್ತಿದ್ದದ್ದು ಇಡೀ ಮರವಲ್ಲ, ಮೇಲ್ತುದಿಯ ಮೂರು ಕೊಂಬೆಗಳು.

ಅದರ ಮೇಲೆ ಒಪ್ಪಂದವಾಯಿತು. ಹಲಸು ಕಾಯಿ ಬಿಡುವುದು ಕಾಂಡದಲ್ಲಿ ಮತ್ತು ದಪ್ಪ ಕೊಂಬೆಗಳಲ್ಲಿ, ಆದ್ದರಿಂದ ಮೇಲಿನ ತೆಳು ಕೊಂಬೆ ತೆಗೆದರೆ ಫಸಲಿಗೆ ದೊಡ್ಡ ನಷ್ಟವಿಲ್ಲ. ತಲೆಯನ್ನೇ ಸಪಾಟಾಗಿ ಕತ್ತರಿಸಬಾರದು, ಹಾಗೆ ಮಾಡಿದರೆ ಹುಟ್ಟುವ ಚಿಗುರುಕೊಂಬೆಗಳು ಬಲಹೀನವಾಗಿದ್ದು ಗಾಳಿಗೆ ಮುರಿಯುತ್ತವೆ. ಒಂದು ವರ್ಷದಲ್ಲಿ ಹಸುರಿನ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬನ್ನು ಉಳಿಸಿ ಗರಗಸದಿಂದ ಕತ್ತರಿಸಬೇಕು, ಕತ್ತಿಯಿಂದ ಕಚ್ಚು ಹಾಕಬಾರದು. ಇಲಾಖೆಯಲ್ಲಿ ಕೇಳಿಕೊಂಡು, ಮಳೆ ಹಿಂದಾದ ಮೇಲೆ ಕೆಲಸ ಮಾಡಿಸಬೇಕು. ಕೂಲಿ ಸೋಲಾರಿನ ಮನೆಯವರದು, ಸೌದೆ ಮೇಷ್ಟ್ರದು. ಇವರ ಕಡೆಯಿಂದ ಸೋಲಾರಿನ ಕೊಳವೆ ತೊಳೆಸುವುದು ಮತ್ತು ಮಳೆಗಾಲಕ್ಕೆ ಅದರ ಟ್ಯಾಂಕಿನಲ್ಲಿರುವ ವಿದ್ಯುತ್ ಕಾಯಿಲನ್ನು ಬಳಸುವುದು. ಮೇಷ್ಟ್ರ ಕಡೆಯಿಂದ ಚಳಿಯ ತಿಂಗಳುಗಳಲ್ಲಿ ಒಲೆಯ ಹೊತ್ತನ್ನು ಏಳೂವರೆಯ ನಂತರಕ್ಕೆ, ಬಿಸಿಲು ಬಿದ್ದು ಗಾಳಿಯಾಡುವ ವೇಳೆಗೆ ದೂಡುವುದು. ದೀಪಾವಳಿಯ ನೀರು ತುಂಬುವ ಹಬ್ಬದ ಮರುದಿನದ ಅಭ್ಯಂಜನಕ್ಕೆ ಬೆಳಗಿನ ಜಾವವೇ ಹಂಡೆಯ ಒಲೆ ಹೊತ್ತಲಿ ಎಂಬ ವಿನಾಯಿತಿಯನ್ನು ಸೇರಿಸಿದವರು, ಆಶ್ಚರ್ಯವೆಂದರೆ, ದೂರು ತಂದಿದ್ದ ಆಕೆಯೇ.

ಎಲ್ಲವೂ ಸರಿಹೋಗಿಲ್ಲ. ಬಾಯ್ಲರ್ ಬಂದಿದೆ, ಕೊಳವೆ ಎತ್ತರವಾಗಿದೆ, ಆದರೆ ಗಾಳಿ ತಿರುಗಿದ ದಿನ ಹೊಗೆ ಈಗಲೂ ಬರುತ್ತದೆ. ಆಕೆಯ ನಿದ್ರೆ ಐದೂವರೆಯವರೆಗೆ ಮುಂದುವರಿದಿದೆ, ಮಗ ವೈದ್ಯರ ಆರೈಕೆಯಲ್ಲೇ ಇದ್ದಾನೆ. ಮುಂದಿನ ಚಳಿಗಾಲದಲ್ಲೂ ಉಬ್ಬಸ ಮರುಕಳಿಸಿದರೆ ಮೊದಲು ಮೇಷ್ಟ್ರ ಮನೆಗೆ ಹೋಗಿ ತಿಳಿಸುವುದು, ಅದರಿಂದ ಪ್ರಯೋಜನವಾಗದಿದ್ದರೆ ಸಂಕೋಚವಿಲ್ಲದೆ ಪುರಸಭೆಯ ಆರೋಗ್ಯ ನಿರೀಕ್ಷಕರಿಗೆ ಬರೆದುಕೊಡುವುದು ಎಂದು ನಿರ್ಧರಿಸಿದ್ದೇವೆ, ಮೇಷ್ಟ್ರಿಗೂ ಅದು ಗೊತ್ತು. ಪತಿ ಹಾಲಿನ ಬೂತಿನ ಮಾತಿಗೆ ಇನ್ನೂ ಕ್ಷಮೆ ಕೇಳಿಲ್ಲ, ಮೇಷ್ಟ್ರು ಅದನ್ನು ಮರೆತಿಲ್ಲ. ಅದನ್ನು ನಾನು ಒತ್ತಾಯಿಸಲಿಲ್ಲ. ಸಲಹೆಗಾರರ ಎದುರು ಹೇಳಿಸಿದ ಕ್ಷಮೆ ಮನೆ ತಲುಪುವುದು ಕಡಿಮೆ. ಕೊಂಬೆ ಇಳಿಸುವ ದಿನ ಇಬ್ಬರೂ ಮರದ ಕೆಳಗೆ ನಿಲ್ಲಲೇಬೇಕಾಗುತ್ತದೆ, ಅದಕ್ಕೂ ಮೊದಲು ಪತಿಯೊಂದಿಗೆ ಒಂದು ಭೇಟಿಯನ್ನು ಗೊತ್ತುಮಾಡಿದ್ದೇನೆ.