ದೇವರಾಯನದುರ್ಗ ಹತ್ತೋಕೆ ಎಂಟಿಬಿಗೆ ಯಾವ ಕ್ರ್ಯಾಂಕ್‌ಸೆಟ್ ಹಾಕಿಸಲಿ?

ನಿಮ್ಮದು 29 ಇಂಚಿನ ಚಕ್ರದ ಎಂಟಿಬಿ, ಅಂದರೆ ಮೌಂಟನ್ ಬೈಕ್. ಕ್ರ್ಯಾಂಕ್‌ಸೆಟ್ ಅಂದರೆ ಪೆಡಲ್ ಕೂರುವ ಎರಡು ತೋಳು (ಕ್ರ್ಯಾಂಕ್) ಮತ್ತು ಮುಂದಿನ ಹಲ್ಲಿನ ರಿಂಗ್‌ಗಳು (ಚೈನ್‌ರಿಂಗ್). ಮುಂದೆ 42, 34, 24 ಹಲ್ಲಿನ ಮೂರು ಚೈನ್‌ರಿಂಗ್, ಹಿಂದಿನ ಚಕ್ರದಲ್ಲಿ ಎಂಟು ಗೇರಿನ 11-34 ಕ್ಯಾಸೆಟ್, ಅಂದರೆ ಚಿಕ್ಕ ಗೇರಿಗೆ 11 ಹಲ್ಲು, ದೊಡ್ಡದಕ್ಕೆ 34. ಮಧ್ಯದ ರಿಂಗ್ ಸವೆದು ಚೈನ್ ಜಾರುತ್ತಿದೆ. ರಿಂಗ್ ಬಿಚ್ಚಲು ಆಗದ ಹಾಗೆ ರಿವೆಟ್ ಹೊಡೆದ ಸೆಟ್ ಆದ್ದರಿಂದ ಪೂರ್ತಿ ಬದಲಾಯಿಸಬೇಕು. ಹೇಗೂ ಬದಲಾಯಿಸುವಾಗ ಎಲ್ಲರ ಹಾಗೆ ಮುಂದೆ ಒಂದೇ ರಿಂಗ್ ಹಾಕಿಸಲಾ ಅಂತ ಕೇಳಿದ್ದೀರಿ.

ನಾನೂ ತುಮಕೂರಿನವನೇ. ದುರ್ಗದ ರಸ್ತೆಯಲ್ಲಿ ತುಂಬಾ ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. ನೀವು ಕೇಳಿದ್ದನ್ನೇ ನಾನು ಯಾರನ್ನೂ ಕೇಳದೆ ಮಾಡಿದ್ದೆ. ಅದನ್ನು ಮೊದಲು ಹೇಳುತ್ತೇನೆ.

ನನ್ನ ಸೈಕಲ್ಲಿನಲ್ಲೂ ನಿಮ್ಮದರ ಹಾಗೇ ಮುಂದಿನ ಚಿಕ್ಕ ರಿಂಗ್ 24, ಹಿಂದಿನ ದೊಡ್ಡ ಗೇರು 34 ಇತ್ತು. ಮೂರೂ ರಿಂಗ್ ತೆಗೆಸಿ ಮುಂದೆ 36 ಹಲ್ಲಿನ ಒಂದೇ ರಿಂಗ್ ಹಾಕಿಸಿದೆ. ಹಿಂದಿನ ಕ್ಯಾಸೆಟ್ ಹಾಗೇ ಬಿಟ್ಟೆ. ಬಿ.ಎಚ್. ರಸ್ತೆಯಲ್ಲಿ ಕ್ಯಾತ್ಸಂದ್ರದವರೆಗೆ ಹೋಗಿ ಬಂದಾಗ ಬಹಳ ಖುಷಿಯಾಯಿತು. ಮುಂದಿನ ಭಾನುವಾರ ನಾಮದ ಚಿಲುಮೆ ದಾಟಿ ದುರ್ಗಕ್ಕೆ ಹೊರಟೆ. ಕೆಳಗಿನ ಭೋಗ ನರಸಿಂಹಸ್ವಾಮಿ ಗುಡಿಯಿಂದ ಮೇಲಿನ ಯೋಗ ನರಸಿಂಹಸ್ವಾಮಿ ಗುಡಿಯ ಕಡೆ ರಸ್ತೆ ಏರುತ್ತದಲ್ವಾ, ಅಲ್ಲಿ ಪೆಡಲ್ ತಿರುಗಲೇ ಇಲ್ಲ. ಮೂರು ಕಡೆ ಇಳಿದು ತಳ್ಳಿದೆ. ಎಡ ಮಂಡಿ ಒಂದು ವಾರ ನೋಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಮುಂದಿನ ಚಿಕ್ಕ ರಿಂಗಿನ ಹಲ್ಲನ್ನು ಹಿಂದಿನ ದೊಡ್ಡ ಗೇರಿನ ಹಲ್ಲಿನಿಂದ ಭಾಗಿಸಬೇಕು, ಅಷ್ಟೇ. ಪೆಡಲ್ ಒಂದು ಸುತ್ತು ಸುತ್ತಿದರೆ ಹಿಂದಿನ ಚಕ್ರ ಎಷ್ಟು ಸುತ್ತುತ್ತದೆ ಅನ್ನೋದು ಸಿಗುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಏರು ಹಗುರ. 24ಕ್ಕೆ 34 ಅಂದರೆ 0.71. ನಾನು ಹಾಕಿಸಿದ 36ಕ್ಕೆ 34 ಅಂದರೆ 1.06. ಒಂದೇ ಏಟಿಗೆ ಒಂದೂವರೆ ಪಟ್ಟು ಭಾರ ಮಾಡಿಕೊಂಡಿದ್ದೆ!

ಒಂದೇ ರಿಂಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಲ್ಲು, ಕೆಸರಿನ ದಾರಿಗೆ ಅದು ನಿಜಕ್ಕೂ ಒಳ್ಳೆಯದು. ಚೈನನ್ನು ಒಂದು ರಿಂಗಿನಿಂದ ಇನ್ನೊಂದಕ್ಕೆ ಸರಿಸುವ ಮುಂದಿನ ಡಿರೇಲರ್ ಇರುವುದಿಲ್ಲ, ಅಲ್ಲಿ ಕೆಸರು ಕಟ್ಟುವ ಮಾತೇ ಇಲ್ಲ. ಒಂದು ಹಲ್ಲು ದಪ್ಪ, ಒಂದು ಸಣ್ಣ ಇರುವ ನ್ಯಾರೋ-ವೈಡ್ ರಿಂಗಿನಲ್ಲಿ ಚೈನ್ ಸುಲಭವಾಗಿ ಬೀಳುವುದಿಲ್ಲ. ಸ್ರಾಮ್ ಕಂಪನಿ 2012ರಲ್ಲಿ ಎಕ್ಸ್‌ಎಕ್ಸ್1 ಗೇರ್ ಸೆಟ್ ಜೊತೆ ಅದನ್ನು ತಂದ ಮೇಲೆಯೇ ಎಂಟಿಬಿಗಳಲ್ಲಿ ಒಂದೇ ರಿಂಗ್ ಜಾಸ್ತಿಯಾಗಿದ್ದು. ಆದರೆ ಮುಂದೆ ಎರಡು ರಿಂಗ್ ತೆಗೆದರೆ ಆ ಕೆಲಸವನ್ನು ಹಿಂದಿನ ಕ್ಯಾಸೆಟ್ ಮಾಡಬೇಕು. 32ರ ರಿಂಗಿಗೆ 11-51 ಕ್ಯಾಸೆಟ್ ಇದ್ದರೆ 0.63 ಸಿಗುತ್ತದೆ, ದುರ್ಗಕ್ಕೆ ಧಾರಾಳ ಸಾಕು. ಅದಕ್ಕೆ ಕ್ಯಾಸೆಟ್, ಹಿಂದಿನ ಡಿರೇಲರ್, ಶಿಫ್ಟರ್, ಚೈನ್ ಎಲ್ಲವೂ ಹೊಸದು ಬೇಕು. ನಿಮಗೆ ಸವೆದಿರುವುದು ಒಂದು ರಿಂಗ್. ಅದಕ್ಕೆ ಅಷ್ಟೆಲ್ಲ ಬದಲಾಯಿಸುವುದು ಸುಮ್ನೆ ದುಡ್ಡು ದಂಡ.

ನಿಮ್ಮ ಜಾಗದಲ್ಲಿ ನಾನಿದ್ದರೆ 42, 32, 22 ಹಲ್ಲಿನ ಸೆಟ್ ಹುಡುಕುತ್ತೇನೆ. 22ಕ್ಕೆ 34 ಅಂದರೆ 0.65. 51 ಹಲ್ಲಿನ ದೊಡ್ಡ ಕ್ಯಾಸೆಟ್ ಹಾಕಿಸಿದವರಿಗೆ ಸಿಗುವ 0.63ಕ್ಕೆ ಇದು ಎಷ್ಟು ಹತ್ತಿರ ಇದೆ ನೋಡಿ! ಈಗ ನಿಮಗಿರುವ ಗೇರಿಗಿಂತಲೂ ಹಗುರ. ದೊಡ್ಡ ರಿಂಗ್ 42 ಹಾಗೇ ಉಳಿಯುವುದರಿಂದ ಮುಂದಿನ ಡಿರೇಲರ್ ಎತ್ತರವನ್ನು ಬದಲಾಯಿಸಬೇಕಾಗಿಲ್ಲ. ಒಂದು ವಿಷಯ ಮಾತ್ರ ನೋಡಿಕೊಳ್ಳಿ. 42 ಮತ್ತು 22ರ ನಡುವೆ 20 ಹಲ್ಲಿನ ಅಂತರ ಇದೆ. ನಿಮ್ಮ ಮುಂದಿನ ಡಿರೇಲರ್ ಅಷ್ಟನ್ನು ತಡೆಯುತ್ತದಾ ಅಂತ ಅದರ ಮೇಲಿನ ಮಾಡೆಲ್ ನಂಬರ್ ಹಿಡಿದು ಕಂಪನಿಯ ವಿವರದಲ್ಲಿ ನೋಡಿ. ಮತ್ತೆ ರಿವೆಟ್ ಸೆಟ್ ಬೇಡ. ಬೋಲ್ಟ್ ಬಿಚ್ಚಿ ರಿಂಗ್ ಬದಲಾಯಿಸಬಹುದಾದದ್ದೇ ತಗೊಳ್ಳಿ. ಮುಂದಿನ ಸಲ ಸವೆದಾಗ ಒಂದು ರಿಂಗ್ ತಂದರೆ ಸಾಕು.

ಈಗ ಬಿಬಿ, ಅಂದರೆ ಬಾಟಮ್ ಬ್ರಾಕೆಟ್. ಎರಡೂ ಕ್ರ್ಯಾಂಕ್ ಸೇರುವ ಆಕ್ಸಲ್ಲನ್ನು ಫ್ರೇಮಿನಲ್ಲಿ ಹಿಡಿದಿಡುವ ಭಾಗ ಅದು. ಜನ ಕ್ರ್ಯಾಂಕ್ ತಂದ ಮೇಲೆ ಇದನ್ನು ನೋಡುತ್ತಾರೆ. ಮೊದಲೇ ನೋಡಬೇಕು. ಒಂದು ಕ್ರ್ಯಾಂಕ್ ಬಿಚ್ಚಿ. ಆಕ್ಸಲ್ ತುದಿ ಚೌಕವಾಗಿದ್ದರೆ ಅದು ಸ್ಕ್ವೇರ್ ಟೇಪರ್. ನಿಮ್ಮದು ಅದೇ ಇರಬಹುದು. ಇದರಲ್ಲಿ ಆಕ್ಸಲ್ ಉದ್ದ ಒಂದೇ ಇರುವುದಿಲ್ಲ. 110, 113, 118, 122.5 ಮಿಲಿಮೀಟರ್, ಹೀಗೆ ಬರುತ್ತವೆ. ಬಿಬಿ ಮೇಲೆಯೇ ಬರೆದಿರುತ್ತದೆ. ಹೊಸ ಕ್ರ್ಯಾಂಕಿಗೆ ಯಾವ ಉದ್ದ ಬೇಕು ಅಂತ ಕಂಪನಿ ಹೇಳಿರುತ್ತದೆ, ಅದನ್ನೇ ಹಾಕಿ. ಚಿಕ್ಕದು ಹಾಕಿದರೆ ರಿಂಗ್ ಫ್ರೇಮಿಗೆ ತಾಗುತ್ತದೆ. ಉದ್ದದ್ದು ಹಾಕಿದರೆ ಚೈನ್ ಓರೆಯಾಗಿ ಓಡುತ್ತದೆ.

ಸ್ವಲ್ಪ ಜಾಸ್ತಿ ಖರ್ಚು ಮಾಡುವುದಾದರೆ ಶಿಮಾನೋದ ಹಾಲೋಟೆಕ್ 2 ಥರದ್ದು ಚೆನ್ನಾಗಿದೆ. 24 ಮಿಲಿಮೀಟರ್ ದಪ್ಪದ ಆಕ್ಸಲ್ ಬಲಗಡೆಯ ಕ್ರ್ಯಾಂಕಿಗೇ ಸೇರಿಕೊಂಡಿರುತ್ತದೆ, ಬೇರಿಂಗ್ ಫ್ರೇಮಿನ ಹೊರಗೆ ಕೂರುತ್ತವೆ. ಬಿಚ್ಚಿ ಹಾಕೋದು ಸುಲಭ. ನಿಮ್ಮ ಫ್ರೇಮಿನಲ್ಲಿ ಬಿಬಿ ಕೂರುವ ಕೊಳವೆಯೊಳಗೆ ಮರೆ (ಥ್ರೆಡ್) ಇದ್ದರೆ ಬಿಬಿ ಸಮೇತ ಬದಲಾಯಿಸಿ ಹಾಕಿಸಬಹುದು. ಫ್ರೇಮಿನ ಬಿಬಿ ಕೊಳವೆಯ ಅಗಲ 68 ಮಿಲಿಮೀಟರ್ ಇದೆಯೋ 73 ಇದೆಯೋ ಅಳೆಯಿರಿ. ಸಾಮಾನ್ಯವಾಗಿ 68ಕ್ಕೆ ಮೂರು ಸ್ಪೇಸರ್ (ಸಂದು ತುಂಬುವ ಬಳೆ) ಬೇಕು, 73ಕ್ಕೆ ಒಂದು ಸಾಕು.

ಇಲ್ಲೊಂದು ಎಚ್ಚರ. ಬಿಬಿಯನ್ನು ಫ್ರೇಮಿಗೆ ಹಿಡಿದಿಡುವ ಬಲಗಡೆಯ ಕಪ್‌ಗೆ ಉಲ್ಟಾ ಮರೆ ಇರುತ್ತದೆ, ಬಿಚ್ಚೋಕೆ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಎಡಗಡೆಯ ಪೆಡಲ್ ಮರೆಯೂ ಉಲ್ಟಾ. ಎಂಟಿಬಿ ಕೆಲಸ ಗೊತ್ತಿಲ್ಲದ ಒಂದು ಅಂಗಡಿಯಲ್ಲಿ ನನ್ನ ಕಣ್ಣೆದುರೇ ಆ ಕಪ್ ಅನ್ನು ತಪ್ಪು ದಿಕ್ಕಿಗೆ ಪೈಪ್ ಹಾಕಿ ಎಳೆದರು. ಫ್ರೇಮಿನ ಮರೆ ಹೋಗಿದ್ದರೆ ಸೈಕಲ್ಲೇ ಹೋಗುತ್ತಿತ್ತು. ನೀವು ಪಕ್ಕದಲ್ಲೇ ನಿಂತು ಮಾಡಿಸಿ.

ಕ್ರ್ಯಾಂಕ್ ಉದ್ದದ ಬಗ್ಗೆಯೂ ಕೇಳಿದ್ದೀರಿ. 175 ಬೇಡ, 170 ತಗೊಳ್ಳಿ. ಉದ್ದ ಕ್ರ್ಯಾಂಕಿನಲ್ಲಿ ಬಲ ಜಾಸ್ತಿ ಸಿಗುತ್ತದೆ ಅನ್ನೋದು ನಿಜವೇ. ಆದರೆ ಆ 5 ಮಿಲಿಮೀಟರಿಗೆ ಸಿಗೋದು ಶೇಕಡ 3ಕ್ಕಿಂತ ಕಡಿಮೆ. 24ರ ರಿಂಗ್ ಬದಲು 22 ಹಾಕಿದರೆ ಶೇಕಡ 8 ಹಗುರವಾಗುತ್ತದೆ. ಮಂಡಿ ಜಾಸ್ತಿ ಮಡಚದೆ ಇರೋದು, ಕಾಡಿನ ದಾರಿಯಲ್ಲಿ ಪೆಡಲ್ ಕಲ್ಲಿಗೆ ಹೊಡೆಯದೆ ಇರೋದು ಚಿಕ್ಕ ಕ್ರ್ಯಾಂಕಿನ ಲಾಭ. ಮಂಡಿ ನೋವು ಅನುಭವಿಸಿದ ಮೇಲೆ ನನಗೆ ಇದು ದೊಡ್ಡ ವಿಷಯ.

ಹೊಸ ರಿಂಗಿನ ಮೇಲೆ ಹಳೇ ಚೈನ್ ಓಡಿಸಬೇಡಿ. ಹಿಗ್ಗಿದ ಚೈನ್ ಹೊಸ ಹಲ್ಲನ್ನೂ ಬೇಗ ತಿನ್ನುತ್ತದೆ. ಚೈನ್ ಬದಲಾಯಿಸಿದಾಗ ಹಿಂದಿನ ಗೇರಿನಲ್ಲಿ ಜಾರಿದರೆ ಕ್ಯಾಸೆಟ್ಟೂ ಹೋಗಿದೆ ಅಂತ ತಿಳಿಯಿರಿ. ಸ್ಕ್ವೇರ್ ಟೇಪರ್ ಹಾಕಿಸಿದರೆ ಮೊದಲ 50 ಕಿಲೋಮೀಟರ್ ಆದ ಮೇಲೆ ಎರಡೂ ಕಡೆಯ ಬೋಲ್ಟ್ ಮತ್ತೊಮ್ಮೆ ನೋಡಿ. ಸಡಿಲ ಬೋಲ್ಟಿನಲ್ಲಿ ತುಳಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಚೌಕ ತೂತು ದುಂಡಗಾಗಿ ಕ್ರ್ಯಾಂಕೇ ಹಾಳಾಗುತ್ತದೆ.

ಬಿಬಿ ಮೇಲೆ ಬರೆದಿರುವ ಎರಡು ಅಳತೆ (ಕೊಳವೆಯ ಅಗಲ, ಆಕ್ಸಲ್ ಉದ್ದ) ಮತ್ತು ಮುಂದಿನ ಡಿರೇಲರ್ ಮಾಡೆಲ್ ನಂಬರ್ ಇಲ್ಲೇ ಕೆಳಗೆ ಬರೆಯಿರಿ. ಸೆಟ್ ಕೊಳ್ಳುವ ಮೊದಲೇ ಹೊಂದುತ್ತದಾ ಇಲ್ಲವಾ ನೋಡಿ ಹೇಳುತ್ತೇನೆ.